ಕಾವಲಿಗೆ ನೀರು

ಆ ಭಾನುವಾರ ಏನೇನು ಕೆಡಬಹುದಿತ್ತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಮಡಿಕೇರಿಯಿಂದ ಬರುವ ಬಸ್ಸು ಏರಿನಲ್ಲಿ ನೀರು ಕುದಿಸಿಕೊಂಡು ನಿಂತುಬಿಡಬಹುದಿತ್ತು. ನಿಲ್ಲದೆ ಬಂದರೂ, ಅದರೊಳಗಿನ ನಮ್ಮ ಭಾವ ದಾರಿಯುದ್ದಕ್ಕೂ ಕೆಂಧೂಳು ನುಂಗಿ, ನನ್ನ ಮನೆ ಮುಂದೆ ಇಳಿಯುವ ಹೊತ್ತಿಗೆ ಜಗಳಕ್ಕೆ ಹದವಾಗಿರಬಹುದಿತ್ತು. ಕೊಡ್ಲಿಪೇಟೆ ಸಂತೆಯಲ್ಲಿ ಒಂದೊಂದನ್ನೂ ಅಂಗೈ ಮೇಲೆ ಉರುಳಿಸಿ, ಮೂಸಿ, ಮಾರುವವಳಿಂದ "ಏನ್ ಸೋಮಿ, ಹೆಣ್ ನೋಡಕ್ಕೆ ಬಂದಿದೀರಾ?" ಅನ್ನಿಸಿಕೊಂಡು ತಂದ ಆಲೂಗೆಡ್ಡೆ, ಹೆಚ್ಚಿದಾಗ ಒಳಗೆ ಕಪ್ಪಾಗಿರಬಹುದಿತ್ತು. ಸೌದೆ ಹೊಗೆಯಾಡಬಹುದಿತ್ತು. ಹುಚ್ಚೆಳ್ಳೆಣ್ಣೆ ಕಮಟು ಹಿಡಿದಿರಬಹುದಿತ್ತು. ನಮ್ಮ ಬಿಳಿ ಹುಂಜ, ಅದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ, ಅಡುಗೆಮನೆಗೆ ನುಗ್ಗಿ ಒಣಗಲು ಹರಡಿದ ಹೋಳಿನ ಮೇಲೆ ನಡೆದಾಡಬಹುದಿತ್ತು. ಕಾಫಿ ಗಿಡಕ್ಕೆ ಬೇಕಾದ ಹೂಮಳೆ, ತಿಂಗಳಿಂದ ಕಾಯಿಸಿದ್ದು, ಅವತ್ತೇ ಬಂದು, ಎಸ್ಟೇಟಿನ ಹೊಸ ಧಣಿ "ರೈಟರೇ, ತೋಟಕ್ಕೆ ಬನ್ನಿ" ಅಂತ ಜೀಪು ಕಳಿಸಬಹುದಿತ್ತು. ಬಂಗಲೆಯ ಹಳೇ ಬಟ್ಲರ್ ಅಂತೋಣಿ ಹಿಂದೊಮ್ಮೆ ಮಾಡಿದಂತೆ ಸರಿಯಾಗಿ ಊಟದ ಹೊತ್ತಿಗೆ ವಕ್ಕರಿಸಿ ಬಾಯಿ ಬಿಡಬಹುದಿತ್ತು. ಕೊಡಗು ರಾಜ್ಯವನ್ನು ಮೈಸೂರಿಗೆ ಸೇರಿಸಿಬಿಟ್ಟರು ಅಂತ ಅವತ್ತೇ ರೇಡಿಯೋದಲ್ಲಿ ಬಂದು, ಭಾವ ಎಲೆ ಮುಂದಿನಿಂದ ಎದ್ದು ಹೋಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆಲೂಗೆಡ್ಡೆ ಕಾವಲಿಗೆ ಅಂಟಿಕೊಂಡು, ನಾನು ಅದನ್ನು ಕೆರೆದು ಕೆರೆದು, ಮಗುವಿಗೆ ತಿನ್ನಿಸುವ ಕಿವುಚಿದ ಅನ್ನದ ಹಾಗೆ ಮಾಡಿ ಬಡಿಸಬೇಕಾಗಿ ಬರಬಹುದಿತ್ತು.

ಇಷ್ಟೆಲ್ಲ ಒಂದು ಹುರಿದ ಆಲೂಗೆಡ್ಡೆಗಾ ಅಂತ ನೀವು ನಗುತ್ತೀರಿ. ನಗಿ. ಆ ಆಲೂಗೆಡ್ಡೆ ಗರಿಗರಿಯಾಗಿ ಬಂದರೆ ನನ್ನ ಒಬ್ಬಳೇ ಅಕ್ಕ ಪಾರ್ವತಿಗೆ ತವರು ಮನೆ ಉಂಟು, ಇಲ್ಲದಿದ್ದರೆ ಇಲ್ಲ, ಅನ್ನುವ ಜಾಗಕ್ಕೆ ಮಾತು ಬಂದು ನಿಂತಿತ್ತು. ದೊಡ್ಡ ದೊಡ್ಡ ಮನೆತನಗಳು ಗದ್ದೆಗೆ, ಬಾಣೆ ಜಮೀನಿಗೆ, ಬಂದೂಕಿಗೆ ಮುನಿಸಿಕೊಳ್ಳುತ್ತವೆ. ನಮ್ಮದು ಆಲೂಗೆಡ್ಡೆ. ನಮ್ಮ ಯೋಗ್ಯತೆಗೆ ಅಷ್ಟೇ.

ನನಗೆ ಆಲೂಗೆಡ್ಡೆಯ ಹುಚ್ಚು ಹಿಡಿದದ್ದು ಅವ್ವನ ಕೈಯಿಂದ. ಹಾಸನದ ಕಡೆಯಿಂದ ಗಾಡಿ ಬಂದಾಗ ಮಾತ್ರ ನಮ್ಮ ಮನೆಯಲ್ಲಿ ಅದರ ದರ್ಶನ. ಅವ್ವ ಅದನ್ನು ಹೆಬ್ಬೆಟ್ಟಿನ ಗಾತ್ರಕ್ಕೆ ಹೆಚ್ಚಿ, ಅರೆಬೇಯಿಸಿ, ಹಳೇ ಸೀರೆಯ ತುಂಡಿನ ಮೇಲೆ ಆರಲು ಹಾಕಿ, ದೊಡ್ಡ ಕಬ್ಬಿಣದ ಕಾವಲಿಯ ಮೇಲೆ ಹರಡಿ ಹೊರಗೆ ಹೋಗಿಬಿಡುತ್ತಿದ್ದಳು. ಎಮ್ಮೆಗೆ ಹುಲ್ಲು ಹಾಕಿ, ಪಕ್ಕದ ಮನೆಯವಳ ಜೊತೆ ಬೇಲಿಯಾಚೆ ಈಚೆ ನಿಂತು ಊರಿನವರನ್ನೆಲ್ಲ ಒಂದು ಸುತ್ತು ಆಡಿಕೊಂಡು, ಆಮೇಲೆ ಬಂದು ಮಗುಚುತ್ತಿದ್ದಳು. ಇದು ಅವಳ ಸೋಮಾರಿತನ ಅಂತ ನಾನು ಬಹಳ ಕಾಲ ತಿಳಿದಿದ್ದೆ.

ಆದರೆ ನನಗೂ ಅಕ್ಕನಿಗೂ ಬೇಕಾಗಿದ್ದದ್ದು ಆ ಹೋಳುಗಳಲ್ಲ. ಅವು ಅಪ್ಪನಿಗೆ, ಬಂದ ನೆಂಟರಿಗೆ. ನಮ್ಮದು ಕಾವಲಿಯ ತಳಕ್ಕೆ ಹತ್ತಿಕೊಂಡ ಸೀಕಲು: ಎಣ್ಣೆ, ಉಪ್ಪು, ಮೆಣಸು ಎಲ್ಲವನ್ನೂ ಕುಡಿದು ಕೆಂಪಗೆ ಹೆಪ್ಪುಗಟ್ಟಿ, ಹಲ್ಲಿಗೆ ಸಿಕ್ಕಿದರೆ ಕರುಂ ಅನ್ನುವ ಪದರ. ಅವ್ವನಿಗೋ ಪಾತ್ರೆ ಒಣಗಬಾರದು ಅನ್ನುವ ಒಂದೇ ಚಿಂತೆ. ಬಡಿಸಿ ಮುಗಿಯಿತೋ ಇಲ್ಲವೋ, ಚೆಂಬು ತೆಗೆದು ಕಾವಲಿಗೆ ನೀರು ಹೊಯ್ಯಲು ಬರುತ್ತಿದ್ದಳು. ಅಕ್ಕ ಲಂಗ ಎತ್ತಿಕಟ್ಟಿ, ದೋಸೆ ಮಗುಚುವ ಮೊಗಚೆ ಕೈ ಹಿಡಿದು, "ಅವ್ವಾ, ನೀರು ಹುಯ್‌ಬ್ಯಾಡಾ!" ಅಂತ ಕೂಗುತ್ತ ನುಗ್ಗುತ್ತಿದ್ದಳು. ಕೆರೆದದ್ದನ್ನು ಎರಡು ಪಾಲು ಮಾಡುವವಳೂ ಅವಳೇ. ತೆಳ್ಳಗಿನದು ನನಗೆ, ದಪ್ಪನೆಯದು ಅವಳಿಗೆ. ತೆಳ್ಳಗಿನದೇ ಹೆಚ್ಚು ಗರಿ ಅನ್ನುವುದು ಅವಳಿಗೆ ಗೊತ್ತಿತ್ತು ಅಂತ ನನಗೆ ಹೊಳೆಯುವ ಹೊತ್ತಿಗೆ ಅವಳಿಗೆ ಮದುವೆಯಾಗಿ ಹೋಗಿತ್ತು. ಕಾವಲಿಯೂ ಮನೆ ಪಾಲಾದಾಗ ಚಿಕ್ಕಪ್ಪನ ಪಾಲಿಗೆ ಹೋಯಿತು. ಅವರು ಅದನ್ನು ಈಗ ಬಚ್ಚಲ ಹಂಡೆಗೆ ಮುಚ್ಚಿದ್ದಾರೆ ಅಂತ ಕೇಳಿದ್ದೇನೆ. ಆ ಕಡೆಯವರಿಂದ ಇನ್ನೇನು ನಿರೀಕ್ಷಿಸುವುದು.

ನಾನು ದೊಡ್ಡವನಾಗಿ ಎಸ್ಟೇಟಿನಲ್ಲಿ ರೈಟರ್ ಆದೆ. ರೈಟರ್ ಅಂದರೆ ಏನೋ ಬರೆದು ಜಗತ್ತನ್ನು ಉದ್ಧಾರ ಮಾಡುವವನು ಅಂದುಕೊಳ್ಳಬೇಡಿ. ಲೈನ್‌ಮನೆಗಳ ಆಳುಗಳ ಹಾಜರಿ ಬರೆಯುವವನು. ಹಣ್ಣು ಕುಯ್ಯುವ ಕಾಲದಲ್ಲಿ ಯಾರು ಬಂದರು ಯಾರು ಬರಲಿಲ್ಲ ಅಂತ ಚಿಂತೆ ಮಾಡುವುದಕ್ಕೇ ನನಗೆ ಸಂಬಳ. ಉಳಿದ ಚಿಂತೆ ನಾನು ಪುಕ್ಕಟೆ ಮಾಡುತ್ತೇನೆ.

ದೇಶಕ್ಕೆ ಸ್ವಾತಂತ್ರ್ಯ ಬಂದಮೇಲೆ ನಮ್ಮ ಎಸ್ಟೇಟಿನ ಬಿಳಿ ದೊರೆ ತೋಟ ಮಾರಿ ಹಡಗು ಹತ್ತಿದ. ಬಂಗಲೆಯ ಸಾಮಾನು ಹರಾಜಾಯಿತು. ಅವತ್ತು ನೀವು ನಮ್ಮ ಜನರನ್ನು ನೋಡಬೇಕಿತ್ತು! ನಿನ್ನೆವರೆಗೆ ಆ ಬಂಗಲೆಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದವರೆಲ್ಲ ಅವತ್ತು ಸೋಫಾದ ಹೊಟ್ಟೆ ಒತ್ತಿ ನೋಡುತ್ತಿದ್ದರು. ಒಬ್ಬರು ದೊರೆಯ ಸ್ನಾನದ ತೊಟ್ಟಿ ಹೊತ್ತುಕೊಂಡು ಹೋದರು. ಅದು ಈಗ ಅವರ ಕೊಟ್ಟಿಗೆಯಲ್ಲಿದೆ, ಹಸುಗಳು ಕಲಗಚ್ಚು ಕುಡಿಯಲು. ಇನ್ನೊಬ್ಬರು ಗಾಲ್ಫ್ ಆಡುವ ಕೋಲುಗಳ ಒಂದು ಚೀಲವನ್ನೇ ಕೊಂಡು, ಬೆಳಿಗ್ಗೆ ಒಂದನ್ನು ಹಿಡಿದು ಗದ್ದೆಗೆ ಏಡಿ ಓಡಿಸಲು ಹೋಗುತ್ತಾರೆ. ನಾನು ಇವರನ್ನೆಲ್ಲ ನೋಡಿ ಮೂಗು ಮುರಿದೆ. ಮುರಿದ ಮೂಗಿನ ಸಮೇತ ಅಡುಗೆಮನೆಯ ಕಡೆ ಹೋದೆ. ಅಲ್ಲಿ ಒಲೆಯ ಪಕ್ಕ, ಉದ್ದನೆಯ ಹಿಡಿಯ, ಗೇಣಗಲಕ್ಕಿಂತ ದೊಡ್ಡದಾದ ಕಬ್ಬಿಣದ ಕಾವಲಿಯೊಂದು ಬಿದ್ದಿತ್ತು. ತಳ ಕನ್ನಡಿಯ ಹಾಗೆ ಕರ್ರಗೆ ಮಿಂಚುತ್ತಿತ್ತು. ಸವರಿದರೆ ಬೆರಳು ಜಾರಿತು. ಅವ್ವನ ಕಾವಲಿ ನೆನಪಾಯಿತು. ಬೇರೆ ಯಾರೂ ಅದಕ್ಕೆ ಬೆಲೆ ಕೂಗಲಿಲ್ಲ, ನನ್ನದಾಯಿತು.

ಆ ಕಾವಲಿಯಲ್ಲಿ ಆಲೂಗೆಡ್ಡೆ ಹೇಗೆ ಬಂತು ಅಂತೀರಿ! ನಾನೇ ಹುರಿದೆ. ಮಗುಚಿದೆ, ಕೆದಕಿದೆ, ಮತ್ತೆ ಮಗುಚಿದೆ, ಏನು ಮಾಡಿದರೂ ಅಂಟುವ ಮಾತೇ ಇಲ್ಲ. ಪಿಂಗಾಣಿಯ ಮೇಲೆ ಗೋಲಿಯಂತೆ ಓಡಾಡಿ ಕೆಂಪಾದವು. ನನಗೆ ತಲೆ ತಿರುಗಿತು. "ನೋಡು, ಆಲೂಗೆಡ್ಡೆ ಹುರಿಯೋದು ನಿಮ್ಮ ಹೆಂಗಸರ ಕೈಲಿ ಆಗೋ ಕೆಲಸ ಅಲ್ಲ" ಅಂತ ನನ್ನ ಹೆಂಡತಿ ಜಾನಕಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗ ಅದು ಎಲ್ಲೋ ಬಡ್ಡಿಗೆ ಬಿದ್ದಿರುತ್ತದೆ.

ಈಗ ಭಾವನ ವಿಚಾರ. ನನ್ನ ಅಕ್ಕನ ಗಂಡ ಮಡಿಕೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕು. ಕೊಡಗು ತನ್ನದೇ ರಾಜ್ಯವಾದ ಮೇಲೆ ಅವರಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಬೆಳಿಗ್ಗೆ ತಿಂಡಿ ತಿಂದು ಬಸ್ಸು ಹತ್ತಿದರೆ ಸಂಜೆ ಕಾಫಿಯ ಹೊತ್ತಿಗೆ ಈ ತುದಿಯಿಂದ ಆ ತುದಿಗೆ ಮುಟ್ಟಿಬಿಡಬಹುದಾದ ರಾಜ್ಯ. ಆದರೆ ಅವರು "ನಮ್ಮ ಸ್ಟೇಟಿನಲ್ಲಿ" ಅಂದಾಗ ರಷ್ಯಾದ ವಿಚಾರ ಹೇಳುತ್ತಿದ್ದಾರೆ ಅನ್ನಿಸುತ್ತದೆ. ಹಿಂದೆ ದೊರೆಗಳ ಕೆಳಗೆ ಕೆಲಸ ಮಾಡಿದ್ದರಿಂದ ಅವರಿಗೆ ಫೋರ್ಕ್ ಹಿಡಿಯಲು ಬರುತ್ತದೆ. ಬರುತ್ತದೆ ಅಂತ ಅವರೇ ಹೇಳುತ್ತಾರೆ. ನಮ್ಮ ಮನೆಗೆ ಬಂದಾಗೆಲ್ಲ, ಏನು ಬಡಿಸಿದರೂ, "ದೊರೆ ಮನೇಲಿ ಇದನ್ನ ಬೇರೆ ಥರ ಮಾಡ್ತಿದ್ರು" ಅಂತ ಒಂದು ಮಾತು. ಒಮ್ಮೆ ಬರಿ ಮೊಸರಿಗೂ ಹಾಗೆ ಅಂದಿದ್ದರು.

ಹರಾಜಾದ ಮೇಲೆ ಅವರು ಮೊದಲ ಸಲ ಬಂದ ದಿನ ನಾನು ನನ್ನ ಆಲೂಗೆಡ್ಡೆ ಹುರಿದೆ. ಒಂದು ಹೋಳು ಬಾಯಿಗೆ ಹಾಕಿದರು. ಕರುಂ. ಇನ್ನೊಂದು. ಮಾತು ನಿಂತಿತು. ನಿಮಗೆ ಗೊತ್ತಿಲ್ಲ, ಅವರ ಮಾತು ನಿಲ್ಲುವುದು ಅಂದರೆ ಹಾರಂಗಿ ಹೊಳೆ ನಿಂತ ಹಾಗೆ. ಅಕ್ಕ ಬಾಗಿಲ ಹಿಂದೆ ನಿಂತು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಭಾವ ಎಲೆ ಮುಂದಕ್ಕೆ ತಳ್ಳಿ, "ಹೂಂ, ಹಾಕಯ್ಯ. ಇದು ಸರಿ. ಇದು ದೊರೆ ಮನೆ ಥರಾನೇ ಇದೆ" ಅಂದರು.

ಆಗ ಬಂದ ಅಂತೋಣಿ. ದೊರೆ ಹೋದ ಮೇಲೆ ಬಂಗಲೆಯಲ್ಲಿ ಕೆಲಸವಿಲ್ಲದೆ, ಯಾರ ಮನೆಯಲ್ಲಿ ವಾಸನೆ ಚೆನ್ನಾಗಿ ಬರುತ್ತದೋ ಆ ಮನೆಯ ಯೋಗಕ್ಷೇಮ ವಿಚಾರಿಸಿಕೊಂಡು ತಿರುಗುವುದು ಅವನ ಉದ್ಯೋಗ. ಹಿತ್ತಲ ಬಾಗಿಲಲ್ಲಿ ನಿಂತು ಕಾವಲಿ ನೋಡಿದವನೇ, ಕಳೆದುಹೋದ ಮಗ ಸಿಕ್ಕಿದ ಹಾಗೆ ಕೈ ಚಾಚಿದ.

"ಅಡಡಾ! ಇದು ನಮ್ಮ ಪ್ಯಾನ್ ಅಲ್ವಾ ಸಾಮಿ! ನಾನೇ ಇಟ್ಕೊಂಡಿದ್ದ ಪ್ಯಾನ್. ಒಂದ್ ದಿನಾನೂ ಸೋಪು ತೋರಿಸಿಲ್ಲ. ಏನ್ ಶೈನಿಂಗು ನೋಡಿ! ದೊರೆಗೆ ರಾತ್ರಿ ಸ್ಟೇಕ್ ಇದ್ರಲ್ಲೇ ಆಗ್ಬೇಕು."

"ಸ್ಟೇಕ್ ಅಂದ್ರೆ?" ಅಂತ ಜಾನಕಿ ಕೇಳಿದಳು. ಕೇಳಬಾರದಿತ್ತು.

"ದನದ್ದಮ್ಮ. ಇಷ್ಟ್ ದಪ್ಪ. ಅದರ ಕೊಬ್ಬು ಕರಗಿ ಕರಗಿ ತಾನೆ ಈ ಶೈನಿಂಗು!"

ಭಾವನ ಕೈ ಎಲೆಗೂ ಬಾಯಿಗೂ ನಡುವೆ ನಿಂತಿತು. ಆ ಕೈಯಲ್ಲಿದ್ದ ಹೋಳು, ಪಾಪ, ಬಹಳ ಚೆನ್ನಾಗಿ ಹುರಿದಿತ್ತು. ಅದನ್ನು ಅವರು ಮೆಲ್ಲಗೆ ಎಲೆಯ ಮೇಲಿಟ್ಟರು. ಇಡುವ ಮುಂಚೆ ಒಂದು ಗಳಿಗೆ ಯೋಚಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಎದ್ದರು. ಹಿತ್ತಲಿನಲ್ಲಿ ಬಾಯಿ ಮುಕ್ಕಳಿಸಿದ ಸದ್ದು ಲೈನಿನವರೆಗೂ ಕೇಳಿಸಿತಂತೆ. "ಜಾತಿ ಕೆಡಿಸ್ಬಿಟ್ಯಲ್ಲಯ್ಯಾ! ಇನ್ನು ನಿನ್ನ ಮನೇಲಿ ಒಂದು ಲೋಟ ನೀರು ಮುಟ್ಟಿದ್ರೆ ಕೇಳು!" ಅಂದು, ಅಕ್ಕನನ್ನು ಕರೆದುಕೊಂಡು, ಸುಡುಬಿಸಿಲಿನಲ್ಲಿ ಬಸ್ಸಿಗೆ ಕಾಯಲು ಹೋದರು. ನಾನು ಕೊಡೆ ಹಿಡಿದುಕೊಂಡು ಹಿಂದೆ ಓಡಿದೆ. ಕೊಡೆಯೂ ಬಂಗಲೆಯ ಹರಾಜಿನದೇನೋ ಅನ್ನುವ ಹಾಗೆ ದೂರ ಸರಿದು ನಿಂತರು.

ದೊರೆಯ ಬಂಗಲೆಯ ಜಗಲಿಯಲ್ಲಿ ನಿಂತು, ಸಾಹೇಬ ಕೊಟ್ಟ ಕಟ್ಲೆಟ್ಟನ್ನು ಅದರೊಳಗೆ ಏನಿದೆ ಅಂತ ಕೇಳದೆ ನುಂಗಿ "ಥ್ಯಾಂಕ್ಯೂ ಸರ್" ಅಂದ ಕತೆಯನ್ನು ನಮಗೆ ನೂರು ಸಲ ಹೇಳಿದವರು ಇದೇ ಭಾವ. ಅದರಿಂದ ಕೆಡದ ಜಾತಿ, ನನ್ನ ಆಲೂಗೆಡ್ಡೆಯಿಂದ ಕೆಟ್ಟಿತು. ಇದನ್ನು ಅವರ ಮುಂದೆ ಹೇಳಬೇಕು ಅಂತ ಬಸ್ಸು ಹೋದ ಮೇಲೆ ನನಗೆ ಹೊಳೆಯಿತು. ನನ್ನ ಧೈರ್ಯವೆಲ್ಲ ಬಸ್ಸು ಹೋದ ಮೇಲಿನದು.

ಅಕ್ಕನ ಬರವು ನಿಂತಿತು. ಗೌರಿ ಹಬ್ಬಕ್ಕೆ ಅವಳು ತವರಿಗೆ ಬರಲಿಲ್ಲ. ಬಾಗಿನದ ಮೊರ ಬಸ್ಸಿನ ಮೇಲೆ, ಕೋಳಿ ಬುಟ್ಟಿಗಳ ಪಕ್ಕ ಕೂತು ಮಡಿಕೇರಿಗೆ ಹೋಯಿತು. ಮುಂದಿನ ಗೌರಿಗೂ ಹಾಗೆಯೇ. ಸೋಮವಾರಪೇಟೆಯ ಒಂದು ಮದುವೆಯಲ್ಲಿ ಸಿಕ್ಕಿದಾಗ, "ನೀನೊಬ್ಬಳೇ ಬಂದು ಹೋಗಕ್ಕ, ಯಾರು ತಡೀತಾರೆ?" ಅಂದೆ.

"ತಡಿಯಾಕೆ ಯಾರೂ ಇಲ್ಲ ಕಣೋ ಪುಟ್ಟಾ. ಅವ್ರು ನೀರೂ ಮುಟ್ಟದ ಮನೇಲಿ ನಾನ್ ಹೆಂಗೋ ಎಲೆ ಹಾಕ್ಕೊಂಡು ಕೂತ್ಕಳ್ಲಿ?" ಅಂದಳು. ನಲವತ್ತು ದಾಟಿ ತಲೆ ಬೆಳ್ಳಗಾದ ನನ್ನನ್ನು ಪುಟ್ಟ ಅನ್ನುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿರುವುದು.

ಕೊನೆಗೆ ಭಾವನೇ ಒಂದು ಆಜ್ಞೆ ಹೊರಡಿಸಿದರು, ಕಚೇರಿಯ ಆಜ್ಞೆಯ ಧಾಟಿಯಲ್ಲೇ, ಕಂಡಕ್ಟರನ ಬಾಯಲ್ಲಿ. ಮಣ್ಣಿನ ಪಾತ್ರೆಯಾಗಿದ್ದರೆ ಒಡೆದು ಎಸೆಯಬೇಕಿತ್ತು, ಕಬ್ಬಿಣವಾದ್ದರಿಂದ ದಾರಿಯುಂಟು. ಕಾವಲಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸತಕ್ಕದ್ದು. ಹುಣಸೆ ಮತ್ತು ಬೂದಿಯಿಂದ ಉಜ್ಜತಕ್ಕದ್ದು. ಕಾವೇರಿಯಲ್ಲಿ ಮುಳುಗಿಸತಕ್ಕದ್ದು. ಕಂಡಕ್ಟರ್ ಇದನ್ನು ಬಸ್ಸಿನ ತುಂಬ ಜನರ ಮುಂದೆ ಕೂಗಿ ಹೇಳಿ, "ರೈಟ್!" ಅಂದ.

ಕಾವಲಿಯನ್ನು ಕಾಫಿ ಕಣದ ಮೂಲೆಯಲ್ಲಿ ಸಿಲ್ವರ್ ಓಕಿನ ಕೊರಡು ಹಾಕಿ ಸುಟ್ಟೆ. ಉಜ್ಜಿದೆ. ಎಸ್ಟೇಟಿನ ಲಾರಿ ಮರ ತರಲು ದುಬಾರೆ ಕಾಡಿನ ಕಡೆ ಹೊರಟಾಗ, ಕಾವಲಿಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಡ್ರೈವರನ ಪಕ್ಕ ಕೂತೆ. ಅಲ್ಲಿ ಕಾವೇರಿಯಲ್ಲಿ ಮಾವುತರು ಆನೆ ಉಜ್ಜುತ್ತಿದ್ದರು. ನಾನು ಪಂಚೆ ಎತ್ತಿಕಟ್ಟಿ, ಕಾವಲಿಯನ್ನು ಮೂರು ಸಲ ಮುಳುಗಿಸಿ ಎತ್ತುವುದನ್ನು ಒಬ್ಬ ಮುದಿ ಮಾವುತ ಆನೆಯ ಬೆನ್ನಿನ ಮೇಲಿನಿಂದಲೇ ನೋಡಿದ.

"ಏನ್ ಸಾಬ್, ಚಿನ್ನ ಸಿಗ್ತಾ ಇದ್ಯಾ?"

"ಇಲ್ಲಪ್ಪ. ಇದಕ್ಕೆ ಸ್ನಾನ."

ಅವನು ಬಗ್ಗಿ ಆನೆಯ ಕಿವಿ ಎತ್ತಿ ತೋರಿಸಿದ. "ಕಿವಿ ಹಿಂದೆ ಚೆನ್ನಾಗಿ ಉಜ್ಜಿ ಸಾಬ್. ಅಲ್ಲೇ ಕೊಳೆ ನಿಲ್ಲೋದು" ಅಂದ. ಆನೆಯೂ ನಕ್ಕ ಹಾಗೆ ಕಂಡಿತು. ನನಗೆ ಇದ್ದ ಚಿಂತೆ ಬೇರೆ: ಹಿಡಿ ಜಾರಿ ಹೊಳೆಯ ಪಾಲಾದರೆ ಭಾವನಿಗೆ ಏನು ಹೇಳುವುದು ಅಂತ.

ಕಾವಲಿ ಶುದ್ಧವಾಯಿತು. ಹಾಳೂ ಆಯಿತು. ಕನ್ನಡಿಯಂತಿದ್ದ ತಳ ಗುಡ್ಡದ ಬಂಡೆಯಂತೆ ಬೂದುಬಣ್ಣಕ್ಕೆ ತಿರುಗಿತು. ಆಲೂಗೆಡ್ಡೆ ಹಾಕಿದರೆ ಸಾಕು, ಕಚ್ಚಿಕೊಂಡು ಕೂತಿತು. ಕೆರೆದೆ. ಮೇಲಿನ ಅರ್ಧ ಕೈಗೆ ಬಂತು, ಕೆಳಗಿನ ಅರ್ಧ ಕಾವಲಿಗೇ ಉಳಿಯಿತು. ನಾನು ಅಷ್ಟು ದಿನ ನನ್ನ ಕೈಗುಣ ಅಂದುಕೊಂಡಿದ್ದದ್ದು ದೊರೆಯ ದನದ ಕೊಬ್ಬಿನ ಗುಣ ಅಂತ ಅವತ್ತು ಖಾತ್ರಿಯಾಯಿತು. ಮುಂದೆ ಎಷ್ಟೋ ಭಾನುವಾರ ನಮ್ಮ ಮನೆಯಲ್ಲಿ ಆಲೂಗೆಡ್ಡೆಯ ಮುದ್ದೆ. ಊರಿನವರಿಗೆ ಸುದ್ದಿ ಮುಟ್ಟಿ, ದಾರಿಯಲ್ಲಿ ಸಿಕ್ಕವರೆಲ್ಲ ಪಂಡಿತರಾದರು. ಒಬ್ಬರು ಅಕ್ಕಿಹಿಟ್ಟು ಉದುರಿಸಿ ಅಂದರು. ಒಬ್ಬರು ಸುಣ್ಣದ ತಿಳಿಯಲ್ಲಿ ನೆನೆಸಿ ಅಂದರು. ಕಕ್ಕಬೆ ಕಡೆಯ ಒಬ್ಬ ಗೆಳೆಯ ಮಾತ್ರ, "ಇದಕ್ಕೆಲ್ಲ ಯಾಕೆ ಇಷ್ಟು ಕಷ್ಟ ಮಾರಾಯ? ಹಂದಿ ಕೊಬ್ಬು ಹಾಕು, ಭಾವನಿಗೆ ಹೇಳಬೇಡ" ಅಂದ. ಅವನ ಸಲಹೆಯೇ ಸರಿಯಾದದ್ದು ಅಂತ ಗೊತ್ತಿದ್ದೂ ನಾನು ಪಾಲಿಸಲಿಲ್ಲ. ಅಂತೋಣಿಗೆ ವಾಸನೆ ಸಿಗದೆ ಇರುತ್ತದೆಯೇ?

ಜಾನಕಿ ಮಾತ್ರ ದಿನಕ್ಕೊಂದು ಸಲ ಕಾವಲಿಗೆ ಹುಚ್ಚೆಳ್ಳೆಣ್ಣೆ ಸವರಿ ಒಲೆಯ ಮೇಲೆ ಹೊಗೆಯಾಡಿಸಿ ತೆಗೆದಿಡುತ್ತಿದ್ದಳು. ತಿಂಗಳುಗಳು ಹೋದಂತೆ ಅದಕ್ಕೆ ಮತ್ತೆ ಕಪ್ಪು ಏರಿತು. ಆದರೂ ನನ್ನ ಆಲೂಗೆಡ್ಡೆ ಮುದ್ದೆಯಾಗುವುದು ನಿಲ್ಲಲಿಲ್ಲ.

"ಕಾವಲಿ ಸರಿಯಾಗಿದೆ. ಸರಿಯಾಗಬೇಕಾದ್ದು ನಿಮ್ಮ ಕೈ" ಅಂದಳು ಒಂದು ದಿನ. "ಹಾಕಿ ಮಾತು ಮುಗಿಯೋದ್ರೊಳಗೆ ಕೆದಕ್ತೀರಿ. ಸೀದೀತೇನೋ ಅಂತ ಒಂದ್ ಸಲ, ಸೀದಿಲ್ವೇನೋ ಅಂತ ಒಂದ್ ಸಲ. ಅದಕ್ಕೂ ಒಂದು ಪುರಸೊತ್ತು ಬೇಡ್ವಾ? ತಳ ಕೆಂಪಾದ ಮೇಲೆ ಅದೇ ಕಾವಲಿ ಬಿಡುತ್ತೆ. ನೀವು ಬಿಡಲ್ಲ."

"ಹಂಗಾದ್ರೆ ನೀನೇ ಹುರಿ."

"ನಂಗ್ಯಾಕೆ? ನಿಮ್ಮ ಅಕ್ಕ, ನಿಮ್ಮ ಭಾವ, ನಿಮ್ಮ ಹರಾಜಿನ ಕಾವಲಿ. ಹೆಂಗಸರ ಕೈಲಿ ಆಗೋ ಕೆಲಸ ಅಲ್ಲ ಅಂದಿದ್ರಲ್ಲ."

ನೋಡಿದಿರಾ, ಬಡ್ಡಿ ಸಮೇತ ಬಂತು.

ಅಷ್ಟರಲ್ಲಿ ಕಂಡಕ್ಟರ್ ಮತ್ತೊಂದು ಸುದ್ದಿ ತಂದ. ಅಕ್ಕ ಹೇಳಿ ಕಳಿಸಿದ್ದಳು: ಭಾನುವಾರ ಇಬ್ಬರೂ ಬರುತ್ತೇವೆ, ಅವರು ಒಂದು ಸಲ ಉಂಡು ನೋಡುತ್ತಾರಂತೆ, ಆ ಆಲೂಗೆಡ್ಡೆ ಅವತ್ತಿನ ಥರಾನೇ ಇರಬೇಕಂತೆ, ಇಲ್ಲದಿದ್ದರೆ ಮತ್ತೆ ಈ ದಾರಿ ತುಳಿಯುವುದಿಲ್ಲವಂತೆ. ಕೊನೆಗೆ ಅಕ್ಕನದೇ ಒಂದು ಮಾತು ಸೇರಿತ್ತು. "ಎರಡು ವರ್ಷದಿಂದ ಬೈಯ್ತಾ ಇರೋದು ನಿನ್ನನ್ನ. ಕನವರಿಸ್ತಾ ಇರೋದು ಆಲೂಗೆಡ್ಡೇನ." ಕಂಡಕ್ಟರ್ ಇದನ್ನೂ ಬಸ್ಸಿಗೆಲ್ಲ ಕೇಳುವ ಹಾಗೆಯೇ ಹೇಳಿದ.

ಭಾನುವಾರ ಬಂತು. ಬಸ್ಸೂ ಬಂತು, ಹೊತ್ತಿಗೆ ಸರಿಯಾಗಿ. ಆಲೂಗೆಡ್ಡೆ ಒಳಗೂ ಹೊರಗೂ ಚಿನ್ನದಂತಿತ್ತು. ಹುಂಜವನ್ನು ಬುಟ್ಟಿಯಡಿ ಕವುಚಿ ಮೇಲೆ ಕಲ್ಲಿಟ್ಟಿದ್ದೆ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಅಂತೋಣಿ ಕುಶಾಲನಗರಕ್ಕೆ ನೆಂಟರ ಮನೆಗೆ ಹೋಗಿದ್ದ. ನನಗೆ ಇದೆಲ್ಲ ಇನ್ನೂ ಹೆಚ್ಚು ಭಯ ತಂದಿತು. ಎಲ್ಲ ಸರಿಯಿದ್ದರೆ ಕೆಡುವುದು ಇನ್ನೇನು ಉಳಿಯಿತು, ಆಲೂಗೆಡ್ಡೆಯೇ.

ಅರೆಬೇಯಿಸಿ ಆರಿಸಿದ ಹೋಳುಗಳನ್ನು ಕಾದ ಎಣ್ಣೆಯ ಮೇಲೆ ಹರಡಿದೆ. ಚೊಂಯ್ ಅಂತು. ಮೊಗಚೆ ಕೈ ಎತ್ತಿದೆ.

"ಏನಯ್ಯಾ ರೈಟರೇ! ಬಂದವರನ್ನ ಜಗಲೀಲಿ ಒಬ್ಬರನ್ನೇ ಕೂರಿಸಿ ಒಳಗೇನು ಮಾಡ್ತಿದ್ದೀಯ?" ಅಂತ ಭಾವನ ಕೂಗು.

ಮುನಿಸು ಮುರಿಯಲು ಬಂದ ಅಕ್ಕನ ಗಂಡನನ್ನು ಒಂಟಿಯಾಗಿ ಕೂರಿಸುವುದುಂಟೇ? ಹೋಗಿ ಎದುರಿಗೆ ಕೂತೆ. ಭಾವ ಕಾಲು ಮಡಿಸಿಕೊಂಡು ಶುರು ಮಾಡಿದರು.

"ಅಲ್ಲಯ್ಯಾ, ಮೈಸೂರಿಗೆ ಸೇರಿಸ್ತಾರಂತೆ ನಮ್ಮನ್ನ. ಸೇರಿಸಿದ್ರೆ ನಾವು ಏನಾಗ್ತೀವಿ ಹೇಳು? ಜಿಲ್ಲೆ! ಬರೀ ಜಿಲ್ಲೆ! ಇವತ್ತು ನನ್ನ ಕಡತ ಹೋಗೋದು ಸೀದಾ ಮಿನಿಸ್ಟರ್ ಮೇಜಿಗೆ. ನಾಳೆ? ಮೈಸೂರಿನ ಯಾವನೋ ಗುಮಾಸ್ತ ನನ್ನನ್ನ 'ಯಾರಪ್ಪ ನೀನು' ಅಂತಾನೆ."

"ಹೌದು ಭಾವ" ಅಂದೆ. ನನ್ನ ಮೂಗು ಒಳಗಿತ್ತು. ಎಣ್ಣೆಯ ಸದ್ದು ಚೊಂಯ್‌ನಿಂದ ಸಣ್ಣ ಚುರುಚುರಿಗೆ ಇಳಿದಿತ್ತು. ಅಂಟಿತು, ಈಗ ಅಂಟಿತು, ಸೀದೇ ಹೋಯಿತು. ಕುಂಡೆ ನೆಲದಿಂದ ಮೇಲೇಳುವುದಕ್ಕೂ ಭಾವ, "ಕೂತ್ಕೋ, ಮುಖ್ಯವಾದ್ದು ಈಗ ಹೇಳ್ತೀನಿ" ಅನ್ನುವುದಕ್ಕೂ ಸರಿಹೋಯಿತು. ಒಂದು ರಾಜ್ಯ ಹೋಗುತ್ತದೋ ಉಳಿಯುತ್ತದೋ ಅಂತ ಒಬ್ಬ ಮನುಷ್ಯ ನನ್ನ ಮುಂದೆ ಗಂಟಲು ಹರಿದುಕೊಳ್ಳುತ್ತಿದ್ದರೆ, ನನ್ನ ಪ್ರಾಣ ಒಲೆಯ ಮೇಲಿತ್ತು. ಅಡುಗೆಮನೆಯಿಂದ ಜಾನಕಿಯೂ ಅಕ್ಕನೂ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಭಾವ ತಂಬಾಕು ಉಗುಳಲು ಅಂಗಳಕ್ಕಿಳಿದಾಗ ಒಳಗೆ ಓಡಿದೆ. ಮೊಗಚೆ ಕೈಯನ್ನು ಅಂಚಿಗೆ ತಾಗಿಸಿದ್ದೇ ತಡ, ಹೋಳುಗಳು ತಾವಾಗಿ ಜಾರಿದವು. ತಳ ಹೊಂಬಣ್ಣ! ಎಲ್ಲವನ್ನೂ ಮಗುಚಿ ಹಾಕಿದೆ. ಮತ್ತೊಮ್ಮೆ ಮಗುಚೋಣ ಅಂತ ಕೈ ಎತ್ತುವುದರೊಳಗೆ, "ಏನಯ್ಯಾ, ಎಲ್ಲಿ ಹೋದೆ? ಅಸೆಂಬ್ಲಿ ವಿಚಾರ ಬಾಕಿ ಇದೆ" ಅಂತ ಕೂಗು. ಅವರು ಅಸೆಂಬ್ಲಿ ಮುಗಿಸಿದಾಗ ಇನ್ನೊಂದು ಮಗ್ಗುಲೂ ಆಗಿತ್ತು. ಭಾವನ ಭಾಷಣದಿಂದ ಈ ರಾಜ್ಯಕ್ಕೆ ಏನಾದರೂ ಉಪಕಾರವಾಗಿದ್ದರೆ ಅದು ಅವತ್ತು, ನನ್ನ ಕಾವಲಿಯಲ್ಲಿ. ಅವ್ವ ಎಮ್ಮೆಗೆ ಹುಲ್ಲು ಹಾಕಲು ಹೋಗುತ್ತಿದ್ದದ್ದು ಸೋಮಾರಿತನವಲ್ಲ ಅನ್ನುವುದೂ ಅವತ್ತೇ ತಿಳಿಯಿತು.

ಉಪ್ಪು, ಕುಟ್ಟಿದ ಕಾಳುಮೆಣಸು ಉದುರಿಸಿ ಬಡಿಸಿದೆ. ಭಾವ ಒಂದು ಹೋಳು ಎತ್ತಿ, ಬೆಳಕಿಗೆ ಹಿಡಿದು, ಖೋಟಾ ನಾಣ್ಯ ನೋಡುವವರ ಹಾಗೆ ನೋಡಿದರು.

"ಸುಟ್ಟಿದ್ದೀಯ ತಾನೆ?"

"ಕೆಂಪಗೆ ಭಾವ."

"ಕಾವೇರೀಲೇ ತಾನೆ? ಹೇಮಾವತಿ ಹತ್ರ ಅಂತ ಅಲ್ಲಿ ಅದ್ದಿ ಬಂದಿಲ್ವಲ್ಲ?"

"ದುಬಾರೇಲಿ ಭಾವ. ಆನೆ ಸಾಕ್ಷಿ."

ಬಾಯಿಗೆ ಹಾಕಿದರು. ಕರುಂ. ಅಡುಗೆಮನೆಯ ನಗು ನಿಂತಿತು. ಅಗಿದರು, ನುಂಗಿದರು, ಲೋಟ ಎತ್ತಿ ಗಟಗಟ ನೀರು ಕುಡಿದರು. ನನ್ನ ಮನೆಯ ನೀರು.

"ಪರವಾಗಿಲ್ಲ" ಅಂದರು. ಎಲೆ ಮುಂದಕ್ಕೆ ಬಂತು.

ಅದು ಮುಂದಕ್ಕೆ ಬರುತ್ತಲೇ ಇತ್ತು. ನಾನು ಬಡಿಸುತ್ತಲೇ ಇದ್ದೆ. ಬಟ್ಟಲು ಖಾಲಿಯಾಯಿತು. ಹೆಂಗಸರಿಗೆ ಅಂತ ತೆಗೆದಿಟ್ಟದ್ದನ್ನೂ ತಂದು ಸುರಿದೆ. ಜಾನಕಿ ಒಳಗಿನಿಂದ ಕಣ್ಣಲ್ಲೇ ಏನೋ ಹೇಳಿದಳು, ನಾನು ನೋಡಲಿಲ್ಲ. ಕೊನೆಗೆ ಭಾವ ತೇಗಿ, ಕೈ ತೊಳೆದು, ಜಗಲಿಯ ಚಾಪೆಯ ಮೇಲೆ ಒಂದು ಮಗ್ಗುಲಾದರು. ಅವರ ಗೊರಕೆಯಷ್ಟು ಇಂಪಾದ ಸಂಗೀತವನ್ನು ನಾನು ಕೇಳಿಲ್ಲ.

ಅಡುಗೆಮನೆಗೆ ಬಂದೆ. ಅಕ್ಕನೂ ಜಾನಕಿಯೂ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದರು. ಕಾವಲಿ ಒಲೆಯ ಪಕ್ಕ ಬೆಚ್ಚಗೆ ಕೂತಿತ್ತು. ತಳದಲ್ಲಿ ಕೆಂಪಗೆ ಏನೋ ಹತ್ತಿಕೊಂಡಿದ್ದದ್ದು ಕಂಡಿತು. ಅಯ್ಯೋ, ಇದು ಒಣಗಿ ಗಟ್ಟಿಯಾದರೆ? ಕೆರೆಯಲು ಹೋಗಿ ಇಷ್ಟು ತಿಂಗಳ ಕಪ್ಪು ಮತ್ತೆ ಕಿತ್ತುಬಂದರೆ? ಮುಂದಿನ ಸಲ ಅಂಟಿದರೆ? ಚೆಂಬು ಎತ್ತಿ ತುಂಬ ನೀರು ಹೊಯ್ದೆ. ಬುಸ್ ಅಂತ ಹಬೆ ಎದ್ದಿತು.

ಹಬೆ ಇಳಿದಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಒಂದು ಕೈಯಲ್ಲಿ ಮೊಗಚೆ ಕೈ, ಇನ್ನೊಂದರಲ್ಲಿ ಎರಡು ತುಂಡು ಬಾಳೆಲೆ.

"ಹುಯ್ದ್ಯಾ?" ಅಂದಳು.

ನಾನು ಚೆಂಬು ಹಿಡಿದುಕೊಂಡೇ ನಿಂತಿದ್ದೆ. ಅವಳು ಬಂದು ಬಗ್ಗಿ ನೋಡಿದಳು. ಸೀಕಲಿನ ಚೂರುಗಳು ಬಿಟ್ಟುಕೊಂಡು ನೀರಿನ ಮೇಲೆ ತೇಲುತ್ತಿದ್ದವು. ಎರಡು ಬೆರಳಲ್ಲಿ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಸದ್ದು ಬರಲಿಲ್ಲ.

"ಥೂ, ಅವ್ವನ್ ಬುದ್ಧಿನೇ ಬಂತಲ್ಲೋ ನಿಂಗೆ" ಅಂದಳು. ಬಾಳೆಲೆಯ ತುಂಡುಗಳನ್ನು ಒಲೆಗೆ ಹಾಕಿ, ಮೊಗಚೆ ಕೈಯನ್ನು ಗೂಟಕ್ಕೆ ತೂಗುಹಾಕಿದಳು. "ಗೌರಿ ಹಬ್ಬಕ್ಕೆ ನಾಕ್ ದಿನ ಮುಂಚೇನೇ ಬತ್ತೀನಿ. ಆವಾಗ ಈ ಚೆಂಬು ಮುಟ್ಟಿದ್ರೆ ಕೈ ಮುರೀತೀನಿ ನೋಡು, ಪುಟ್ಟಾ."

ಬಸ್ಸು, ಸೌದೆ, ಎಣ್ಣೆ, ಹುಂಜ, ಅಂತೋಣಿ, ಭಾವ, ಎಲ್ಲವೂ ಸರಿಯಾಗಿತ್ತು. ಆ ನೀರೊಂದು ಹೊಯ್ಯಬಾರದಿತ್ತು.